ಮಧ್ಯರಾತ್ರಿ ಗೆಳತಿಗೆ ಹೊಟ್ಟೆನೋವು, ಜರ್ಮನಿಯಲ್ಲಿ ನಾವಿಬ್ಬರೇ. ಅವರ ಅಮ್ಮನಿಗೆ ಯಾವಾಗ ಹೇಳಬೇಕಿತ್ತು?

ತೆಂಗಿನಸೀಮೆ · ಶನಿವಾರ ಸಂಜೆ 6:12

ಎಲ್ಲರಿಗೂ ನಮಸ್ಕಾರ. ಬರಹ ಉದ್ದ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. ಮೂರು ವಾರದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಹೊರದೇಶದಲ್ಲಿ ಓದುತ್ತಿರುವವರು, ಓದಿ ಮುಗಿಸಿದವರು, ಮಕ್ಕಳನ್ನು ಕಳಿಸಿ ಊರಲ್ಲಿರುವ ಅಪ್ಪ ಅಮ್ಮಂದಿರು, ಎಲ್ಲರೂ ಹೇಳಿ.

ನಾನು ತಿಪಟೂರು ಕಡೆಯವಳು. ಜರ್ಮನಿಯ ಥುರಿಂಗಿಯಾದ ಒಂದು ಚಿಕ್ಕ ಊರಿನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ಪಕ್ಕದ ರೂಮಿನ ಗೆಳತಿ ಸಾಗರದವಳು. ಒಂದೇ ಹಾಸ್ಟೆಲ್, ಒಂದೇ ಅಡುಗೆಮನೆ, ಇಬ್ಬರದ್ದೂ ಒಂದೇ ಕುಕ್ಕರ್.

ಜನವರಿ ಕೊನೆ, ಪರೀಕ್ಷೆ ಹತ್ತಿರ ಬಂದಿತ್ತು. ಸಂಜೆ ಹೊಕ್ಕಳ ಸುತ್ತ ನೋವು ಅಂದಳು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿಕೊಟ್ಟೆ. ಹನ್ನೊಂದು ಗಂಟೆಗೆ ವಾಂತಿ ಆಯಿತು. ಒಂದೂವರೆಗೆ ನನ್ನ ಬಾಗಿಲು ಬಡಿದಳು. ತೆಗೆದರೆ ಗೋಡೆ ಹಿಡಿದು ಬಾಗಿ ನಿಂತಿದ್ದಾಳೆ. ಒಂದು ಕಾಲಿಗೆ ಚಪ್ಪಲಿ ಇದೆ, ಇನ್ನೊಂದಕ್ಕೆ ಇಲ್ಲ. ನೋವು ಹೊಕ್ಕಳಿನಿಂದ ಬಲಗಡೆ ಕೆಳಕ್ಕೆ ಇಳಿದಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು.

ಆಗ ಅವಳು ಹೇಳಿದ್ದು ಎರಡೇ ಮಾತು. "ಆಂಬುಲೆನ್ಸ್ ಬೇಡ ಕಣೇ, ಸಾವಿರಾರು ಯೂರೊ ಆಗತ್ತೆ." ಆಮೇಲೆ, "ಅಮ್ಮಂಗೆ ಮಾತ್ರ ಹೇಳ್ಬೇಡ."

ಮೊದಲು 116117ಗೆ ಫೋನ್ ಮಾಡಿದೆ. ರಾತ್ರಿ ಹೊತ್ತು ಡಾಕ್ಟರ್ ಬೇಕಾದರೆ ಅದೇ ನಂಬರ್ ಅಂತ ಓರಿಯೆಂಟೇಶನ್‌ನಲ್ಲಿ ಹೇಳಿದ್ದರು. ಇಪ್ಪತ್ತು ನಿಮಿಷ ಬರೀ ಮ್ಯೂಸಿಕ್. ಅವಳು ನೆಲದ ಮೇಲೆ ಮಂಡಿ ಮಡಚಿಕೊಂಡು ಮಲಗಿಬಿಟ್ಟಳು. ಅದನ್ನು ನೋಡಿ ಕಟ್ ಮಾಡಿ 112 ಒತ್ತಿದೆ. ಇಂಗ್ಲಿಷಿನಲ್ಲೇ ಮಾತಾಡಿದರು. ಮೊದಲು ಕೇಳಿದ್ದು ಎಲ್ಲಿ ಅಂತ, ಏನಾಗಿದೆ ಅಂತಲ್ಲ. ವಿಳಾಸ, ಯಾವ ಬ್ಲಾಕ್, ಯಾವ ಮಹಡಿ, ಬೆಲ್ ಮೇಲೆ ಯಾರ ಹೆಸರಿದೆ. ಆ ಬೆಲ್ ಮೇಲೆ ನಮಗಿಂತ ಮುಂಚೆ ಇದ್ದವರ ಹೆಸರೇ ಇತ್ತು! ಕೆಳಗೆ ಇಳಿದು ಬಾಗಿಲ ಹತ್ತಿರ ನಿಂತೆ.

ಆಂಬುಲೆನ್ಸಿನವರು ಅವಳ ಸರ್‌ನೇಮ್ ಕೇಳಿದರು. ನನಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷದಿಂದ ಒಂದೇ ತಟ್ಟೆಯಲ್ಲಿ ಉಂಡವಳು, ಅವಳ ಪೂರ್ತಿ ಹೆಸರು ಗೊತ್ತಿಲ್ಲ. ನಾವೆಲ್ಲ ಕರೆಯುವ ಹೆಸರು ಒಂದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ, ಅಜ್ಜನ ಊರನ್ನೇ ಸರ್‌ನೇಮ್ ಮಾಡಿದ್ದಾರೆ. ಹುಟ್ಟಿದ ತಾರೀಕು ಗೊತ್ತಿತ್ತು, ವರ್ಷ ಗೊತ್ತಿರಲಿಲ್ಲ. ಇನ್ಶೂರೆನ್ಸ್ ಕಾರ್ಡ್ ಹುಡುಕಲು ಅವಳ ಬ್ಯಾಗನ್ನೇ ಮಂಚದ ಮೇಲೆ ಸುರಿದೆ. ಪರ್ಸಿನಲ್ಲಿ ಸ್ಟೂಡೆಂಟ್ ಕಾರ್ಡಿನ ಹಿಂದೆ ಅಂಟಿಕೊಂಡಿತ್ತು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯಿತು. ಐದು ಗಂಟೆಗೆ ಸರ್ಜನ್ ಬಂದು ಅಪೆಂಡಿಕ್ಸ್ ಅಂದರು, ಒಡೆಯುವ ಹಂತದಲ್ಲಿದೆ, ಈಗಲೇ ಆಪರೇಷನ್ ಆಗಬೇಕು ಅಂದರು. ಹಾಳೆಗಟ್ಟಲೆ ಜರ್ಮನ್ ಫಾರಂ. "ಇವಳ ಕೈ ನಡುಗುತ್ತಿದೆ, ನಾನು ಸಹಿ ಮಾಡಲಾ?" ಅಂತ ಕೇಳಿದೆ. ಆಗುವುದಿಲ್ಲ ಅಂದರು. ಅವಳೇ ಮಾಡಿದಳು. ಏಳು ಗಂಟೆಗೆ ಒಳಗೆ ಕರೆದುಕೊಂಡು ಹೋದರು.

ಎಂಟು ಗಂಟೆಗೆ ನನ್ನ ಕೈಯಲ್ಲಿದ್ದ ಅವಳ ಫೋನ್ ರಿಂಗ್ ಆಯಿತು. "ಅಮ್ಮ" ಅಂತ ಬರುತ್ತಿತ್ತು. ಊರಲ್ಲಿ ಆಗ ಹನ್ನೆರಡೂವರೆ. ಮಧ್ಯಾಹ್ನದ ಅಡುಗೆ ಮುಗಿಸಿ ದಿನಾ ಮಾಡುವ ಫೋನ್ ಅದು. ನಾನು ಎತ್ತಲಿಲ್ಲ. ಮತ್ತೆ ಬಂತು. ಆಮೇಲೆ ನನ್ನ ಫೋನಿಗೇ ಬಂತು. "ಲೈಬ್ರರಿಗೆ ಹೋಗಿದ್ದಾಳೆ ಆಂಟಿ, ಫೋನ್ ಇಲ್ಲೇ ಬಿಟ್ಟು ಹೋಗಿದ್ದಾಳೆ" ಅಂದೆ. "ತಿಂಡಿ ತಿಂದ್ಲಾ?" ಅಂದರು. "ತಿಂದಳು ಆಂಟಿ" ಅಂದೆ. ಅವಳು ಆಪರೇಷನ್ ಟೇಬಲ್ ಮೇಲಿದ್ದಳು.

ಆಪರೇಷನ್ ಚೆನ್ನಾಗಿ ಆಯಿತು. ಮಾರನೆಯ ಬೆಳಿಗ್ಗೆ ಅವಳ ಕತ್ತಿನ ಮೇಲೆ, ತೋಳಿನ ಮೇಲೆ ಕೆಂಪು ದದ್ದು. ಹೀಟರ್ ಜಾಸ್ತಿ ಆಗಿರಬೇಕು ಅಂದುಕೊಂಡೆವು. ಒಂಬತ್ತು ಗಂಟೆಗೆ "ಇನ್ನು ಅಮ್ಮಂಗೆ ಹೇಳೋಣ" ಅಂದಳು. ನಾನೇ ಹೇಳಿದೆ. ಆಂಟಿ ಅಳಲಿಲ್ಲ. ಮೊದಲು ಕೇಳಿದ್ದೇ, "ಪೆನ್ಸಿಲಿನ್ ಕೊಟ್ಟಿಲ್ಲ ತಾನೇ? ಮೂರನೇ ಕ್ಲಾಸಲ್ಲಿ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ಎದ್ದಿತ್ತು." ಇವಳಿಗೆ ಅದು ನೆನಪೇ ಇರಲಿಲ್ಲ. ಅಲರ್ಜಿ ಇದೆಯಾ ಅಂತ ಕೇಳಿದಾಗ ಇಲ್ಲ ಅಂದಿದ್ದಳು. ಡ್ರಿಪ್‌ನಲ್ಲಿ ಹೋಗುತ್ತಿದ್ದದ್ದು ಅದೇ ಗುಂಪಿನ ಔಷಧಿ. ಓಡಿಹೋಗಿ ನರ್ಸ್‌ಗೆ ಹೇಳಿದೆ. ಡಾಕ್ಟರ್ ಬಂದು ನೋಡಿ ಬೇರೆ ಔಷಧಿ ಹಾಕಿದರು. ಸಂಜೆಗೆ ದದ್ದು ಇಳಿಯಿತು.

ಈಗ ಅವಳು ಆರಾಮಾಗಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ. ಗೆಳತಿ ಬೇಡ ಅಂದಳು ಅಂತ ನಾನು ಸುಮ್ಮನಿದ್ದದ್ದು ಸರಿಯಾ? ಅಮ್ಮನಿಗೆ ಗೊತ್ತಿದ್ದದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಡಲತಡಿ · ಶನಿವಾರ ರಾತ್ರಿ 8:03

ತಂಗಿ, ಮೊದಲು ಒಂದು ಮಾತು. 112 ಒತ್ತಿದೆಯಲ್ಲ, ಅದು ಸರಿಯಾದ ಕೆಲಸ. ನಾನು ಉಡುಪಿ ಕಡೆಯವಳು, ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ಒಂಬತ್ತು ವರ್ಷ ಆಯಿತು. ಹೊಕ್ಕಳ ಸುತ್ತ ಶುರುವಾಗಿ ಬಲಗಡೆ ಕೆಳಗೆ ಇಳಿಯುವ ನೋವು, ಜೊತೆಗೆ ವಾಂತಿ ಜ್ವರ, ನೆಟ್ಟಗೆ ನಿಲ್ಲಲು ಆಗದಿರುವುದು. ಇಷ್ಟಿದ್ದರೆ 116117ಗೆ ಕಾಯುವುದೇ ಬೇಡ. ಆ ನಂಬರ್ ಇರುವುದು ಬೆಳಿಗ್ಗೆ ತನಕ ತಡೆಯಲಾಗದ, ಆದರೆ ಜೀವಕ್ಕೆ ಅಪಾಯ ಇಲ್ಲದ ತೊಂದರೆಗೆ. ಇನ್ನೊಂದು ಗಮನ ಇಡಿ. ಇಂಥ ನೋವು ಇದ್ದಕ್ಕಿದ್ದಂತೆ ಕಡಿಮೆ ಆಯಿತು ಅಂತ ಖುಷಿಪಟ್ಟು ಮಲಗಬೇಡಿ. ಕೆಲವು ಸಲ ಅಪೆಂಡಿಕ್ಸ್ ಒಡೆದಾಗಲೂ ನೋವು ಸ್ವಲ್ಪ ಹೊತ್ತು ಇಳಿಯುತ್ತದೆ.

ಕಷಾಯ ಕೊಟ್ಟೆ ಅಂತ ಬೇಜಾರು ಮಾಡಿಕೊಳ್ಳಬೇಡ, ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ಆಪರೇಷನ್ ಆಗಬಹುದು ಅನ್ನಿಸಿದ ಮೇಲೆ ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಕೊನೆಗೆ ಏನು ತಿಂದಳು, ಎಷ್ಟು ಗಂಟೆಗೆ, ಯಾವ ಮಾತ್ರೆ ನುಂಗಿದಳು ಅನ್ನುವುದನ್ನು ನೆನಪಿಟ್ಟುಕೊಂಡು ಹೇಳಿ.

ದುಡ್ಡಿನ ವಿಷಯ. ಆಂಬುಲೆನ್ಸಿಗೆ ಸಾವಿರಾರು ಯೂರೊ ಅನ್ನುವ ಹೆದರಿಕೆಯಿಂದ ಮಕ್ಕಳು ರಾತ್ರಿಯೆಲ್ಲ ನರಳುತ್ತಾ ಕೂರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸರ್ಕಾರಿ ಪದ್ಧತಿಯ ಇನ್ಶೂರೆನ್ಸ್, ಅಂದರೆ ತಿಂಗಳಿಗೆ 140 ಯೂರೊ ಆಸುಪಾಸು ಕಟ್ಟುತ್ತೀರಲ್ಲ ಆ ಕ್ರಾಂಕೆನ್‌ಕಾಸ್ಸೆ ಇದ್ದರೆ, ಅಗತ್ಯ ಇದ್ದು ಕರೆಸಿದ ಆಂಬುಲೆನ್ಸಿಗೆ ನಿಮ್ಮ ಪಾಲು ಹೆಚ್ಚೆಂದರೆ 10 ಯೂರೊ. ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ 10 ಯೂರೊ, ಅದೂ ವರ್ಷಕ್ಕೆ 28 ದಿನದವರೆಗೆ ಮಾತ್ರ. ಐದು ದಿನ ಇದ್ದರೆ 50 ಯೂರೊ. ಇದನ್ನು ನಿಮ್ಮ ಗೆಳೆಯರಿಗೆಲ್ಲ ಈವತ್ತೇ ಹೇಳಿ.

ಅಲರ್ಜಿ ಬಗ್ಗೆ. ಚಿಕ್ಕಂದಿನಲ್ಲಿ ಎದ್ದ ದದ್ದೆಲ್ಲ ದೊಡ್ಡವರಾದ ಮೇಲೂ ಅಲರ್ಜಿಯಾಗಿ ಉಳಿಯುವುದಿಲ್ಲ. ಆದರೆ ನಿನ್ನ ಗೆಳತಿಗೆ ಈಗಲೂ ಎದ್ದಿದೆ. ಅವಳು ಅಲರ್ಜಿ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಲಿ. ಖಾತ್ರಿಯಾದರೆ ಅಲರ್ಗೀಪಾಸ್ ಅಂತ ಒಂದು ಚಿಕ್ಕ ಪುಸ್ತಕ ಕೊಡುತ್ತಾರೆ. ಅದು ಯಾವಾಗಲೂ ಪರ್ಸಿನಲ್ಲಿರಲಿ.

ಮನೆಗೆ ಹೇಳುವ ವಿಷಯದಲ್ಲಿ ಬೇರೆಯವರು ಏನು ಹೇಳುತ್ತಾರೋ ನೋಡಿ ಆಮೇಲೆ ಬರೆಯುತ್ತೇನೆ.

ಮುಗಿಲಮಳೆ · ಶನಿವಾರ ರಾತ್ರಿ 8:41

ನನ್ನ ಅನುಭವ ಬೇರೆ. ಎರಡು ವರ್ಷದ ಹಿಂದೆ ರೂಮ್‌ಮೇಟ್ ಸೈಕಲ್‌ನಿಂದ ಬಿದ್ದು ಕಾಲು ಮುರಿದುಕೊಂಡ. ನಾನು ಗಾಬರಿಯಲ್ಲಿ ಆ ಕ್ಷಣವೇ ಅವನ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲಿ ಪೆಟ್ಟಾಗಿದೆ, ಎಷ್ಟು ಅಂತ ನನಗೇ ಗೊತ್ತಿರಲಿಲ್ಲ. ಹಿಂದೆ ಆಂಬುಲೆನ್ಸ್ ಸೈರನ್ ಕೇಳಿಸುತ್ತಿತ್ತು. ಅವರಿಗೆ ಬಿಪಿ, ಶುಗರ್ ಎರಡೂ ಇದೆ. ಮನೆಯಲ್ಲಿ ಒಬ್ಬರೇ ಇದ್ದರು, ತಲೆ ತಿರುಗಿ ಬಿದ್ದುಬಿಟ್ಟರು. ಇಲ್ಲಿ ಮಗ, ಅಲ್ಲಿ ಅಪ್ಪ, ಇಬ್ಬರೂ ಆಸ್ಪತ್ರೆಯಲ್ಲಿ.

ಅದಕ್ಕೇ ತೆಂಗಿನಸೀಮೆಯವರು ಸ್ವಲ್ಪ ಕಾದದ್ದು ನನಗೆ ತಪ್ಪು ಅನ್ನಿಸುತ್ತಿಲ್ಲ. ಡಾಕ್ಟರ್ ಇದು ಇಂಥದ್ದು ಅಂತ ಹೇಳುವ ಮುಂಚೆ ನಾವು ಹೇಳಲು ಏನಿರುತ್ತದೆ? ನಾವೆಲ್ಲ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಪ್ರತಿಯೊಬ್ಬರೂ ಊರಿನಲ್ಲಿ ಒಬ್ಬರ ಹೆಸರು ಕೊಡಬೇಕು, ಅಪ್ಪ ಅಮ್ಮನದಲ್ಲ. ಸೋದರಮಾವ, ಚಿಕ್ಕಪ್ಪ, ಅಕ್ಕನ ಗಂಡ, ಪಕ್ಕದ ಮನೆ ಮೇಷ್ಟ್ರು, ಯಾರಾದರೂ ಸರಿ. ಗಟ್ಟಿ ಮನಸ್ಸಿನವರು, ಹತ್ತು ನಿಮಿಷದಲ್ಲಿ ಮನೆಗೆ ಹೋಗಿ ಪಕ್ಕದಲ್ಲಿ ಕೂತು ವಿಷಯ ಹೇಳಬಲ್ಲವರು. ಮೊದಲು ಫೋನ್ ಹೋಗುವುದು ಅವರಿಗೆ.

ತುಂಗೆಯ ಅಮ್ಮ · ಶನಿವಾರ ರಾತ್ರಿ 9:55

ನಾನು ಶಿವಮೊಗ್ಗದಿಂದ. ಮಗ ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾನೆ. ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ಕ್ಷಮಿಸಿ.

ಮಗು, ನಿನ್ನ ಬರಹ ಓದಿ ಕಣ್ಣಲ್ಲಿ ನೀರು ಬಂತು. ನೀನು ಆ ರಾತ್ರಿ ಒಬ್ಬಳೇ ಎಷ್ಟು ಓಡಾಡಿದ್ದೀಯ. ಆ ತಾಯಿ ನಿನಗೆ ಋಣಿಯಾಗಿರುತ್ತಾರೆ. ಆದರೂ ಒಬ್ಬ ತಾಯಿಯಾಗಿ ಹೇಳುತ್ತೇನೆ, "ತಿಂಡಿ ತಿಂದಳು" ಅನ್ನುವ ಮಾತು ನನಗೆ ಚುಚ್ಚಿತು.

ಹೋದ ವರ್ಷ ನನ್ನ ಮಗನಿಗೆ ನ್ಯುಮೋನಿಯಾ ಆಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಗೆಳೆಯರೆಲ್ಲ ಸೇರಿ ನನಗೆ ಹೇಳದೆ ಮುಚ್ಚಿಟ್ಟರು. ದಿನಾ ಅವನ ಫೋನಿನಿಂದ "ಊಟ ಆಯ್ತು ಅಮ್ಮ" ಅಂತ ಮೆಸೇಜ್ ಬರುತ್ತಿತ್ತು. ಕಳಿಸುತ್ತಿದ್ದದ್ದು ಬೇರೆಯವರು. ಒಬ್ಬ ಹುಡುಗ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಬೇಗ ಹುಷಾರಾಗು ಅಂತ ಫೋಟೊ ಹಾಕಿದ. ನಮ್ಮ ಓರಗಿತ್ತಿ ನೋಡಿ ನನಗೆ ಫೋನ್ ಮಾಡಿದಳು. ಕಾಯಿಲೆಯ ಸುದ್ದಿಗಿಂತ ಆ ಮೆಸೇಜುಗಳೇ ನನ್ನನ್ನು ಜಾಸ್ತಿ ನೋಯಿಸಿದವು. ಈಗಲೂ ಅವನು ಆರಾಮಿದ್ದೇನೆ ಅಂದರೆ ವಿಡಿಯೊ ಹಾಕು ಅನ್ನುತ್ತೇನೆ. ನಂಬಲು ಮನಸ್ಸು ಒಪ್ಪುವುದಿಲ್ಲ.

ನಾವು ಹೆದರುತ್ತೇವೆ, ನಿಜ. ಆದರೆ ಹೆದರುವುದು ನಮ್ಮ ಪಾಲಿನ ಕೆಲಸ. ಅದನ್ನು ನೀವು ಮಕ್ಕಳು ಹೊರಬೇಡಿ. ಹೇಳುವ ಕ್ರಮ ಮಾತ್ರ ಇರಲಿ. ಮೊದಲು "ಡಾಕ್ಟರ್ ಹತ್ತಿರ ಇದ್ದಾಳೆ, ನಾನು ಜೊತೆಗಿದ್ದೇನೆ" ಅನ್ನಿ. ಆಮೇಲೆ ಏನಾಗಿದೆ ಅನ್ನಿ. ಆಮೇಲೆ "ಇಷ್ಟು ಗಂಟೆಗೆ ಮತ್ತೆ ಫೋನ್ ಮಾಡುತ್ತೇನೆ" ಅಂತ ಹೇಳಿ, ಆ ಗಂಟೆಗೆ ಖಂಡಿತ ಮಾಡಿ. ಹೊಸ ಸುದ್ದಿ ಏನೂ ಇಲ್ಲದಿದ್ದರೂ ಮಾಡಿ. ಆ ಗಂಟೆಯ ತನಕ ನಾವು ಹೇಗೋ ಜೀವ ಹಿಡಿದುಕೊಂಡಿರುತ್ತೇವೆ.

ತೆಂಗಿನಸೀಮೆ · ಶನಿವಾರ ರಾತ್ರಿ 10:20

ಅಮ್ಮ, ನೀವು ಹೇಳಿದ್ದು ಸರಿ. ನನಗೂ ಚುಚ್ಚುತ್ತಿರುವುದು ಅದೇ ಮಾತು. ಆಂಟಿಯ ಹತ್ತಿರ ಕ್ಷಮೆ ಕೇಳಿದೆ. ಅವರು "ಬಿಡು ಮಗಳೇ" ಅಂದರು. ಆದರೆ ಈಗ ನನಗೂ ದಿನಾ ಫೋನ್ ಮಾಡುತ್ತಾರೆ, ಅವಳು ಹೇಳಿದ್ದು ನಿಜವಾ ಅಂತ ನನ್ನ ಹತ್ತಿರ ಕೇಳುತ್ತಾರೆ.

ಮುಗಿಲಮಳೆ ಸರ್, ಮಧ್ಯೆ ಒಬ್ಬರು ಇರಬೇಕು ಅನ್ನುವುದು ತುಂಬಾ ಹಿಡಿಸಿತು. ಅವಳ ಸೋದರಮಾವ ಸಾಗರದಲ್ಲೇ ಇದ್ದಾರೆ, ಮೆಡಿಕಲ್ ಶಾಪ್ ನಡೆಸುತ್ತಾರೆ. ಆ ರಾತ್ರಿ ಅವರ ನಂಬರ್ ನನ್ನ ಹತ್ತಿರ ಇದ್ದಿದ್ದರೆ!

ಭೀಮಾತೀರ · ಭಾನುವಾರ ಬೆಳಿಗ್ಗೆ 7:30

ಎಲ್ಲರಿಗೂ ಆ ಸರ್ಕಾರಿ ಪದ್ಧತಿಯ ಕಾಸ್ಸೆ ಇರುತ್ತದೆ ಅಂತ ತಿಳಿಯಬೇಡಿ. ನಾನು ಮೊದಲ ಎಂಟು ತಿಂಗಳು ಭಾಷಾ ಕೋರ್ಸ್‌ನಲ್ಲಿದ್ದೆ. ಭಾಷಾ ಕೋರ್ಸಿನವರಿಗೆ, 30 ವರ್ಷ ದಾಟಿದವರಿಗೆ ವಿದ್ಯಾರ್ಥಿ ದರದಲ್ಲಿ ಕಾಸ್ಸೆ ಸಾಮಾನ್ಯವಾಗಿ ಸಿಗುವುದಿಲ್ಲ, ಪ್ರೈವೇಟ್ ಇನ್ಶೂರೆನ್ಸ್ ತಗೊಂಡಿರುತ್ತಾರೆ. ನನ್ನ ಜೊತೆಯವನಿಗೆ ಮೂತ್ರಪಿಂಡದಲ್ಲಿ ಕಲ್ಲು. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಕಾರ್ಡ್ ಕೇಳಿದರು, ಇವನ ಹತ್ತಿರ ಇದ್ದದ್ದು ಒಂದು ಪಿಡಿಎಫ್. ಚಿಕಿತ್ಸೆ ನಿಲ್ಲಿಸಲಿಲ್ಲ, ಆದರೆ ಬಿಲ್ ಅವನ ಹೆಸರಿಗೇ ಬಂತು. ಇನ್ಶೂರೆನ್ಸ್ ಕಂಪನಿಯವರು ಇದು ಹಳೆಯ ಕಾಯಿಲೆ ಅಂತ ತಕರಾರು ತೆಗೆದರು. ನಾಲ್ಕು ತಿಂಗಳು ಪತ್ರ ಬರೆದೂ ಬರೆದೂ ಸಾಕಾಯಿತು.

ಅಂಥ ಪಾಲಿಸಿ ಇದ್ದವರು ಆಸ್ಪತ್ರೆ ಸೇರಿದ ದಿನವೇ ಕಂಪನಿಯ ಹೆಲ್ಪ್‌ಲೈನಿಗೆ ಫೋನ್ ಮಾಡಿ, ಖರ್ಚು ನಾವು ಕೊಡುತ್ತೇವೆ ಅನ್ನುವ ಪತ್ರವನ್ನು ನೇರ ಆಸ್ಪತ್ರೆಗೆ ಕಳಿಸಲು ಕೇಳಿ. ಪಾಲಿಸಿ ನಂಬರ್ ಗೆಳೆಯರ ಹತ್ತಿರವೂ ಇರಲಿ. ನೋವಿನಲ್ಲಿ ಇರುವವನಿಗೆ ಇಮೇಲ್ ಪಾಸ್‌ವರ್ಡ್ ನೆನಪಿರುವುದಿಲ್ಲ.

ಹೊಸದಾಗಿ ಬಂದವರಿಗೆ ಒಂದು ಸೂಚನೆ: ಜರ್ಮನಿಯಲ್ಲಿ ಸಿಮ್ ಇಲ್ಲದ ಫೋನಿನಿಂದ 112 ಹೋಗುವುದಿಲ್ಲ. ಕರೆನ್ಸಿ ಇಲ್ಲದಿದ್ದರೂ ಹೋಗುತ್ತದೆ, ಸಿಮ್ ಚಾಲೂ ಇರಬೇಕು.

ಲೆಸ್ಟರ್ ಕನ್ನಡಿಗ · ಭಾನುವಾರ ಮಧ್ಯಾಹ್ನ 1:15

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ವಿದ್ಯಾರ್ಥಿ ವೀಸಾ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಜೀವಕ್ಕೆ ಅಪಾಯ ಅಂದರೆ 999, ಉಳಿದದ್ದಕ್ಕೆ 111.

ನಾನು ಹೇಳಬೇಕಾದದ್ದು ಕಣ್ಣಿಗೆ ಕಾಣದ ಎಮರ್ಜೆನ್ಸಿ ಬಗ್ಗೆ. ನಮ್ಮ ಮನೆಯಲ್ಲಿದ್ದ ಒಬ್ಬ ಹುಡುಗ ಹತ್ತು ದಿನ ರೂಮಿನಿಂದ ಸರಿಯಾಗಿ ಹೊರಗೆ ಬರಲಿಲ್ಲ. ಮಧ್ಯಾಹ್ನವೂ ಪರದೆ ಎಳೆದೇ ಇರುತ್ತಿತ್ತು. ಅವನ ಪಾಲಿನ ಅನ್ನ ಫ್ರಿಜ್ಜಿನಲ್ಲಿ ಹಾಗೇ ಉಳಿಯುತ್ತಿತ್ತು. ಕೆಲಸ ಸಿಕ್ಕಿಲ್ಲ ಅಂತ ಬೇಜಾರು, ಸುಮ್ನೆ ಬಿಡೋಣ ಅಂದುಕೊಂಡೆವು. ಒಂದು ರಾತ್ರಿ ಅವನ ಲ್ಯಾಪ್‌ಟಾಪ್, ಒಳ್ಳೆ ಜಾಕೆಟ್ ನನಗೆ ಕೊಟ್ಟು "ಇಟ್ಕೊಳ್ಳಿ ಅಣ್ಣ, ನಂಗೆ ಇನ್ನೇನಕ್ಕೆ" ಅಂದ. ನನ್ನ ಎದೆ ಧಸಕ್ ಅಂತು.

ಪಕ್ಕದಲ್ಲಿ ಕೂತು ನೇರವಾಗಿ ಕೇಳಿದೆ, "ಸಾಯಬೇಕು ಅನ್ನಿಸ್ತಿದೆಯಾ?" ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೌದು ಅಂತ ತಲೆ ಆಡಿಸಿದ. ಹಾಗೆ ಕೇಳಿದರೆ ಆ ಯೋಚನೆ ನಾವೇ ತಲೆಗೆ ಹಾಕಿದಂತೆ ಆಗುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಅವರಿಗೆ ಬಾಯಿ ಬಿಡಲು ಜಾಗ ಸಿಗುತ್ತದೆ. 111ಕ್ಕೆ ಫೋನ್ ಮಾಡಿ 2 ಒತ್ತಿದರೆ ಮಾನಸಿಕ ತೊಂದರೆಯ ತಂಡ ಸಿಗುತ್ತದೆ. ಆ ರಾತ್ರಿಯೇ ಅವನ ಜೊತೆ ಮಾತಾಡಿದರು. ಬೆಳಗಾಗುವ ತನಕ ನಾವು ಇಬ್ಬರು ಸರದಿ ಮೇಲೆ ಅವನ ರೂಮಿನಲ್ಲೇ ಕೂತಿದ್ದೆವು. "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಅಂದ. ನಾನು ಕೊಡಲಿಲ್ಲ. "ಊರಿಗೆಲ್ಲ ಹೇಳಲ್ಲ, ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಅಂದೆ. ಅವನ ಅಣ್ಣನಿಗೆ ಅವನ ಕೈಯಿಂದಲೇ ಫೋನ್ ಮಾಡಿಸಿದೆವು. ಈಗ ಕೆಲಸ ಮಾಡುತ್ತಿದ್ದಾನೆ, ಭಾನುವಾರ ನಮ್ಮ ಜೊತೆ ಕ್ರಿಕೆಟ್ ಆಡುತ್ತಾನೆ.

ಊರಲ್ಲಿರುವ ಮನೆಯವರೂ ಇಂಥ ಹೊತ್ತಿನಲ್ಲಿ ಕುಸಿಯುತ್ತಾರೆ. ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಡಲತಡಿ · ಭಾನುವಾರ ಸಂಜೆ 5:48

ಲೆಸ್ಟರ್ ಅಣ್ಣ ಬರೆದದ್ದನ್ನು ಎಲ್ಲರೂ ಎರಡು ಸಲ ಓದಿ.

ಈಗ ಮನೆಗೆ ಹೇಳುವ ವಿಷಯ. ತೆಂಗಿನಸೀಮೆ, ಸಹಿ ಮಾಡಲು ಬಿಡಲಿಲ್ಲ ಅಂದೆಯಲ್ಲ. ಇಲ್ಲಿ ರೋಗಿಗೆ ಎಚ್ಚರ ಇದ್ದರೆ ರೋಗಿಯೇ ಸಹಿ ಮಾಡಬೇಕು. ಡಾಕ್ಟರ್ ಗೆಳತಿಗೆ ವಿಷಯ ಹೇಳಬೇಕಾದರೂ ರೋಗಿ ಒಪ್ಪಬೇಕು. "ಇವಳಿಗೆ ಎಲ್ಲ ಹೇಳಿ" ಅಂತ ಬಾಯಲ್ಲಿ ಅಂದರೂ ಸಾಕು, ಅದನ್ನು ಬರೆದುಕೊಳ್ಳಲು ಹೇಳಿ. ನಮ್ಮವರಿಗೆ ನಂಬಲು ಕಷ್ಟವಾಗುವ ಸಂಗತಿ ಒಂದಿದೆ. 18 ದಾಟಿದ ಮಗಳ ಪರವಾಗಿ ಹೆತ್ತ ಅಪ್ಪ ಅಮ್ಮನಿಗೂ ಇಲ್ಲಿ ತಾನಾಗಿಯೇ ಸಹಿ ಮಾಡುವ ಹಕ್ಕಿಲ್ಲ. 2023ರಿಂದ ಗಂಡ ಹೆಂಡತಿಗೆ ಎಮರ್ಜೆನ್ಸಿಯಲ್ಲಿ ಆರು ತಿಂಗಳವರೆಗೆ ಆ ಹಕ್ಕು ಕೊಟ್ಟಿದ್ದಾರೆ. ಗೆಳೆಯರಿಗಿಲ್ಲ, ತಂದೆತಾಯಿಗೂ ಇಲ್ಲ. ಪ್ರಜ್ಞೆ ಇಲ್ಲದಿದ್ದರೆ ಜೀವ ಉಳಿಸುವ ಕೆಲಸ ಡಾಕ್ಟರ್ ಮಾಡೇ ಮಾಡುತ್ತಾರೆ. ಅದರ ಮುಂದಿನ ತೀರ್ಮಾನಗಳಿಗೆ ಕೋರ್ಟ್ ಒಬ್ಬರನ್ನು ನೇಮಿಸಬೇಕಾಗುತ್ತದೆ.

ಅದನ್ನು ತಪ್ಪಿಸಲು ಫೋರ್‌ಜೋರ್ಗೆಫೋಲ್‌ಮಾಖ್ಟ್ ಅಂತ ಒಂದು ಪತ್ರ ಇದೆ. ನನ್ನ ಪರವಾಗಿ ಇಂಥವರು ಮಾತಾಡಲಿ ಅಂತ ಮುಂಚೆಯೇ ಬರೆದು ಸಹಿ ಮಾಡಿಡುವುದು. ಜರ್ಮನಿಯ ನ್ಯಾಯ ಸಚಿವಾಲಯದ ವೆಬ್‌ಸೈಟಿನಲ್ಲಿ ಫಾರಂ ಪುಕ್ಕಟೆ ಸಿಗುತ್ತದೆ. ಆರೋಗ್ಯದ ಮಟ್ಟಿಗೆ ನೋಟರಿ ಬೇಕಾಗಿಲ್ಲ. ಪೂರ್ತಿ ನಂಬಿಕೆ ಇರುವವರ ಹೆಸರನ್ನು ಮಾತ್ರ ಹಾಕಿ, ಮತ್ತು ದುಡ್ಡಿನ ಭಾಗವನ್ನು ಖಾಲಿ ಬಿಡಬಹುದು.

ಹೀಗೆ ಕಾನೂನು ನೋಡಿದರೆ ಅವಳು ಹೇಳಬೇಡ ಅಂದದ್ದಕ್ಕೆ ಬೆಲೆ ಇದೆ. ನರ್ಸ್ ಆಗಿ ನಾನು ಅವಳ ಅಮ್ಮನಿಗೆ ಫೋನಿನಲ್ಲಿ ಏನೂ ಹೇಳುವಂತಿಲ್ಲ. ಆದರೆ ನೀನು ನರ್ಸ್ ಅಲ್ಲ, ಗೆಳತಿ. ಎಚ್ಚರ ಇರುವಾಗಲೇ ಅವಳನ್ನು ಒಪ್ಪಿಸಬೇಕಿತ್ತು. "ಒಳಗೆ ಹೋಗುವ ಮುಂಚೆ ಎರಡು ನಿಮಿಷ ಅಮ್ಮನ ಹತ್ತಿರ ಮಾತಾಡು" ಅನ್ನಬೇಕಿತ್ತು. ಐದರಿಂದ ಏಳರ ತನಕ ಹೊತ್ತಿತ್ತಲ್ಲ. ಸಾವಿರಾರು ರೋಗಿಗಳನ್ನು ನೋಡಿದ್ದೇನೆ. ಅರಿವಳಿಕೆ ಕೊಡುವ ಮುಂಚೆ ಅಮ್ಮನ ದನಿ ಕೇಳಿದವರ ಮುಖವೇ ಬೇರೆ ಥರ ಇರುತ್ತದೆ. ಮತ್ತು ಚಿಕ್ಕಂದಿನ ಕಾಯಿಲೆ ಕಸಾಲೆ ಅಮ್ಮನ ಹತ್ತಿರವಲ್ಲದೆ ಇನ್ನೆಲ್ಲಿ ಬರೆದಿರುತ್ತದೆ?

ನಿನಗೆ ನೋವಾಗಲಿ ಅಂತ ಬರೆಯುತ್ತಿಲ್ಲ ತಂಗಿ. ನೀನು ಕೇಳಿದೆ ಅಂತ ಹೇಳಿದೆ.

ಮುಗಿಲಮಳೆ · ಭಾನುವಾರ ಸಂಜೆ 6:30

ಅಕ್ಕ, ನೀವು ಹೇಳಿದ್ದಕ್ಕೆ ಒಪ್ಪುತ್ತೇನೆ. ರೋಗಿಯ ಬಾಯಿಂದಲೇ ಹೇಳಿಸಿದರೆ ಅರ್ಧ ಗಾಬರಿ ಇಳಿಯುತ್ತದೆ. ನಮ್ಮ ವಿಷಯದಲ್ಲೂ ಆ ಹುಡುಗನಿಗೆ ಎಚ್ಚರ ಇತ್ತು. ಫೋನ್ ಅವನ ಕೈಗೆ ಕೊಡುವುದು ನನಗೆ ಹೊಳೆಯಲೇ ಇಲ್ಲ.

ಹೊನ್ನಾವರ · ಭಾನುವಾರ ರಾತ್ರಿ 9:02

ಒಂದು ಪ್ರಶ್ನೆ. ಇಂಥ ಹೊತ್ತಿನಲ್ಲಿ ಊರಿಂದ ಅಮ್ಮನನ್ನು ಕರೆಸಬಹುದಾ? ನನ್ನ ತಂಗಿ ಈ ಸೆಪ್ಟೆಂಬರಿಗೆ ಹೊರಡುತ್ತಿದ್ದಾಳೆ.

ಭೀಮಾತೀರ · ಭಾನುವಾರ ರಾತ್ರಿ 9:40

ಬರಬಹುದು. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ. ಶೆಂಗೆನ್ ವೀಸಾ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ. ಆಸ್ಪತ್ರೆಯ ಪತ್ರ ಇಟ್ಟು ತುರ್ತು ಅಂತ ಕೇಳಿಕೊಳ್ಳಬಹುದು. ಕನಿಷ್ಠ 30,000 ಯೂರೊ ರಕ್ಷಣೆಯ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಅಡ್ಡಿ ಆಗುವುದು ವೀಸಾ ಅಲ್ಲ, ಅಪ್ಪ ಅಮ್ಮನಿಗೆ ಪಾಸ್‌ಪೋರ್ಟೇ ಇರುವುದಿಲ್ಲ. ತಂಗಿ ಹೊರಡುವ ಮುಂಚೆ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿಬಿಡಿ.

ಕೈಯಲ್ಲಿ ಏನೂ ಇಲ್ಲದ ಸ್ಥಿತಿ ಬಂದರೆ ಭಾರತದ ರಾಯಭಾರ ಕಚೇರಿಗೆ ಬರೆಯಿರಿ. ಬರ್ಲಿನ್‌ನಲ್ಲಿ ಇದೆ. ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ನಲ್ಲಿ ಕಾನ್ಸುಲೇಟ್‌ಗಳಿವೆ. ಹೊರದೇಶದಲ್ಲಿ ಕಷ್ಟಕ್ಕೆ ಸಿಕ್ಕ ಭಾರತೀಯರಿಗೆ ಅಂತಲೇ 2009ರಿಂದ ಒಂದು ಕಲ್ಯಾಣ ನಿಧಿ ಇದೆ, ತುರ್ತು ಚಿಕಿತ್ಸೆಗೂ ಅದರಿಂದ ಸಹಾಯ ಕೇಳಬಹುದು. ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಊರಲ್ಲಿರುವ ಮನೆಯವರೂ ದೂರು ಹಾಕಬಹುದು.

ಮಲೆಗೌರಿ · ಸೋಮವಾರ ಬೆಳಿಗ್ಗೆ 10:26

ಆ ಸಾಗರದ ಗೆಳತಿ ನಾನೇ. ಅವಳು ಲಿಂಕ್ ಕಳಿಸಿದಳು. ನಿನ್ನೆಯಿಂದ ಎಲ್ಲರದ್ದೂ ಓದುತ್ತಿದ್ದೇನೆ.

ಅಮ್ಮನಿಗೆ ಯಾಕೆ ಬೇಡ ಅಂದೆ ಅಂತ ಹೇಳುತ್ತೇನೆ. ನಾನು ಬರುವುದಕ್ಕೆ ಅಪ್ಪ ಅರ್ಧ ಎಕರೆ ಅಡಿಕೆ ತೋಟ ಅಡ ಇಟ್ಟಿದ್ದಾರೆ. "ಅಷ್ಟು ದೂರ ಹುಡುಗೀನ ಕಳಿಸ್ತೀರಾ" ಅಂತ ನೆಂಟರೆಲ್ಲ ಅಂದಾಗ ಅಮ್ಮ ಒಬ್ಬಳೇ ನನ್ನ ಪರ ನಿಂತಳು. ನನಗೆ ಏನಾದರೂ ಆದರೆ ಅವರೆಲ್ಲ ಬಂದು ಕೇಳುವುದು ಅಮ್ಮನನ್ನೇ. ಅಷ್ಟು ನೋವಿನಲ್ಲೂ ನನ್ನ ತಲೆಯಲ್ಲಿದ್ದದ್ದು ಅದೊಂದೇ. ಅದಕ್ಕೇ ಇವಳ ಬಾಯಿ ಕಟ್ಟಿದೆ. ಸುಳ್ಳು ಹೇಳಿಸಿದವಳು ನಾನು, ಹೇಳಿದ ಭಾರ ಇವಳ ಮೇಲೆ ಬಿತ್ತು.

ಆಪರೇಷನ್ ಆದ ಮೂರನೆಯ ದಿನ ನನಗೆ ಬಾಯೆಲ್ಲ ಕೆಟ್ಟಿತ್ತು. ಒಣ ಬ್ರೆಡ್ ತುಂಡು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇವಳು ಡಾಕ್ಟರನ್ನು ಕೇಳಿ, ಅಕ್ಕಿ ನುಣ್ಣಗೆ ಬೇಯಿಸಿ, ಉಪ್ಪು, ಒಂದು ಸೌಟು ಮಜ್ಜಿಗೆ ಹಾಕಿ ಗಂಜಿ ತಂದಳು. ಫ್ಲಾಸ್ಕ್ ಮುಚ್ಚಳ ತೆಗೆದಾಗ ಬಂದ ಹಬೆಗೆ ಅಳು ಬಂದುಬಿಟ್ಟಿತು. ವಿಡಿಯೊದಲ್ಲಿ ಅಮ್ಮ ನೋಡುತ್ತಿದ್ದಳು. "ಉಪ್ಪು ಸಾಕಾ ಕೇಳು ಅವಳನ್ನ" ಅಂದಳು. ಅದು ಇವಳಿಗೆ ಹೇಳಿದ ಮಾತು, ನನಗಲ್ಲ.

ತೆಂಗಿನಸೀಮೆ · ಸೋಮವಾರ ರಾತ್ರಿ 8:15

ಇದನ್ನು ಓದಿ ಅವಳ ರೂಮಿಗೆ ಹೋಗಿ ಬಂದೆ. ಏನೂ ಮಾತಾಡಲಿಲ್ಲ, ಸುಮ್ನೆ ಕೂತಿದ್ದೆವು.

ಆಮೇಲೆ ಇಬ್ಬರೂ ಸೇರಿ ಎರಡು ಹಾಳೆ ಬರೆದೆವು, ಒಂದು ಅವಳದ್ದು, ಒಂದು ನನ್ನದು. ಪಾಸ್‌ಪೋರ್ಟಿನಲ್ಲಿ ಇರುವಂತೆ ಪೂರ್ತಿ ಹೆಸರು, ಯಾವುದು ಸರ್‌ನೇಮ್ ಅಂತ ಅಡಿಗೆರೆ ಹಾಕಿದ್ದೇವೆ. ಹುಟ್ಟಿದ ದಿನ, ಇನ್ಶೂರೆನ್ಸ್ ನಂಬರ್, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ. ಮೊದಲು ಫೋನ್ ಹೋಗಬೇಕಾದವರು: ಅವಳಿಗೆ ಮಾವ, ನನಗೆ ದೊಡ್ಡಕ್ಕ. ಅಲರ್ಜಿ ಅನ್ನುವ ಜಾಗ ತುಂಬಲು ಇಬ್ಬರ ಅಮ್ಮಂದಿರಿಗೂ ಫೋನ್ ಮಾಡಿದೆವು. ನಮ್ಮಮ್ಮ ನನಗೆ ಒಂದೂವರೆ ವರ್ಷದಲ್ಲಿ ಫಿಟ್ಸ್ ಬಂದಿತ್ತು ಅಂದರು. ನನಗೆ ಈ 24 ವರ್ಷದಲ್ಲಿ ಇದು ಗೊತ್ತೇ ಇರಲಿಲ್ಲ. ಹಾಳೆಗಳನ್ನು ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇವೆ. ಫೋನಿನ ಎಮರ್ಜೆನ್ಸಿ ಮಾಹಿತಿಯಲ್ಲೂ ಹಾಕಿದೆವು. ಅದು ಲಾಕ್ ತೆಗೆಯದೆಯೂ ಕಾಣುತ್ತದೆ. ಬೆಲ್ ಮೇಲೆ ನಮ್ಮ ಹೆಸರೂ ಬಂತು.

ಹೊನ್ನಾವರ · ಸೋಮವಾರ ರಾತ್ರಿ 8:50

ಆ ಹಾಳೆಯ ನಮೂನೆ ನನ್ನ ತಂಗಿಗೂ ಬೇಕು. ಇನ್ನೊಂದು ಕೇಳಲಾ? ಪರೀಕ್ಷೆ ಏನಾಯಿತು?

ತೆಂಗಿನಸೀಮೆ · ಸೋಮವಾರ ರಾತ್ರಿ 9:04

ನಮೂನೆ ನಾಳೆ ಹಾಕುತ್ತೇನೆ. ಅವಳ ಪರೀಕ್ಷೆ ಮುಂದಕ್ಕೆ ಹೋಯಿತು. ಆಸ್ಪತ್ರೆಯಿಂದ ಅಟೆಸ್ಟ್, ಅಂದರೆ ಡಾಕ್ಟರ ಸರ್ಟಿಫಿಕೇಟ್, ತಗೊಂಡು ಪರೀಕ್ಷಾ ವಿಭಾಗಕ್ಕೆ ನಾನೇ ಕೊಟ್ಟು ಬಂದೆ. ಹೊಟ್ಟೆ ಕೊಯ್ಸಿಕೊಂಡಿದ್ದರೂ ತಡ ಮಾಡಬಾರದು, ಕೊನೆಯ ದಿನ ಯಾವುದು ಅಂತ ಒಂದೊಂದು ಯೂನಿವರ್ಸಿಟಿಗೂ ಬೇರೆ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಅವಳ ಪಾರ್ಟ್ ಟೈಮ್ ಕೆಲಸದವರಿಗೂ ರಜೆ ಚೀಟಿ ಕಳಿಸಿದೆವು. ಸೇರಿ ನಾಲ್ಕು ವಾರ ದಾಟಿದ್ದರೆ ಕಾಯಿಲೆ ದಿನಗಳಿಗೂ ಆರು ವಾರದವರೆಗೆ ಸಂಬಳ ಕೊಡಬೇಕು ಅಂತ ಇಲ್ಲಿ ಕಾನೂನಿದೆ. ಕೊಟ್ಟರು. ನಾನು ನನ್ನ ಪರೀಕ್ಷೆ ಬರೆದೆ, ಒಂದು ಹೋಗಿದೆ ಅನ್ನಿಸುತ್ತದೆ. ಮುಂದಿನ ಸಲ ಇಬ್ಬರೂ ಜೊತೆಗೆ ಕೂರುತ್ತೇವೆ.

ತುಂಗೆಯ ಅಮ್ಮ · ಸೋಮವಾರ ರಾತ್ರಿ 9:31

ಹಾಳೆಯಲ್ಲಿ ಚಿಕ್ಕಂದಿನ ಕಾಯಿಲೆ ಅಂತಲೂ ಒಂದು ಸಾಲು ಇಡು ಮಗು. ನಾನು ಈಗಲೇ ನನ್ನ ಮಗನದ್ದು ಬರೆದು ಕಳಿಸುತ್ತೇನೆ. ಅವನಿಗೂ ಗೊತ್ತಿಲ್ಲದ್ದು ಎರಡು ಇದೆ.